ಮಂಟಪ ಎಷ್ಟು ಜನಕ್ಕೆ ಎಂಬ ಲೆಕ್ಕ ಬರಹದಲ್ಲಿರಲಿ

ಮಾನ್ಯ ಸಂಪಾದಕರೇ,

ಮದುವೆ ನಿಶ್ಚಯವಾದ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಪ್ರಶ್ನೆ ಅದನ್ನು ಎಲ್ಲಿ ಮಾಡುವುದು ಎಂಬುದು. ಅಂಥವರಿಗೆ ಸಲಹೆ ನೀಡುವ ಬರಹಗಳು ಪತ್ರಿಕೆಗಳ ಪುರವಣಿಗಳಲ್ಲಿ ಆಗಾಗ ಬರುತ್ತಿರುತ್ತವೆ. ವೇದಿಕೆಯ ಅಲಂಕಾರ, ದೀಪಗಳ ವಿನ್ಯಾಸ, ಫೋಟೊಗಳಿಗೆ ಒದಗುವ ಹಿನ್ನೆಲೆ ಇತ್ಯಾದಿಗಳ ಬಗ್ಗೆ ಅವು ವಿಸ್ತಾರವಾಗಿಯೇ ಹೇಳುತ್ತವೆ. ಆದರೆ ಸಭಾಂಗಣವೊಂದು ನಿಜವಾಗಿ ಎಷ್ಟು ಜನಕ್ಕೆ ತಕ್ಕುದು, ಆ ಲೆಕ್ಕ ಹಾಕಿದವರು ಯಾರು, ಅದು ಎಲ್ಲಿ ಬರೆದಿದೆ ಎಂಬುದನ್ನು ಕೇಳಬೇಕೆಂದು ಹೇಳುವ ಬರಹ ಅಪರೂಪ. ಸ್ಥಳದ ಆಯ್ಕೆಯಲ್ಲಿ ಮುಖ್ಯವಾದ ಬಹುತೇಕ ಸಂಗತಿಗಳು ಈ ಒಂದು ಸಂಖ್ಯೆಯನ್ನೇ ಅವಲಂಬಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಂಟಪ ನೋಡಲು ಹೋದವರು ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳುತ್ತಾರೆ. ವ್ಯವಸ್ಥಾಪಕರು ಸ್ವಲ್ಪವೂ ಯೋಚಿಸದೆ ದುಂಡನೆಯ ಸಂಖ್ಯೆಯೊಂದನ್ನು ಹೇಳಿ, ಅದಕ್ಕೆ "ಆರಾಮಾಗಿ" ಎಂಬ ಮಾತನ್ನೂ ಸೇರಿಸುತ್ತಾರೆ. ಆ ಸಂಖ್ಯೆ ಕುಳಿತವರದೋ, ನಿಂತವರದೋ, ಮುಖ್ಯ ಸಭಾಂಗಣದ್ದೋ, ಊಟದ ಹಾಲ್, ಮೊಗಸಾಲೆ, ಅಂಗಳ ಎಲ್ಲವನ್ನೂ ಕೂಡಿಸಿದ್ದೋ ಎಂಬುದು ಬಿಡಿಸಿ ಕೇಳುವ ತನಕ ತಿಳಿಯುವುದಿಲ್ಲ. ಇದನ್ನು ಪರೀಕ್ಷಿಸಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಅಮೆರಿಕದಲ್ಲಿ ರೂಪುಗೊಂಡು ಹಲವೆಡೆ ಬಳಕೆಯಲ್ಲಿರುವ ಎನ್‌ಎಫ್‌ಪಿಎ 101 ಎಂಬ ಅಗ್ನಿ ಸುರಕ್ಷತಾ ಸಂಹಿತೆಯ ಪ್ರಕಾರ, ಜನ ಒತ್ತಾಗಿ ಸೇರುವಲ್ಲಿ, ಅಂದರೆ ಬಿಡಿ ಕುರ್ಚಿಗಳನ್ನು ಸಾಲಾಗಿ ಹಾಕಿದ ಕಡೆ, ಒಬ್ಬರಿಗೆ 7 ಚದರ ಅಡಿ ಲೆಕ್ಕ ಹಿಡಿಯಬೇಕು; ಮೇಜು ಕುರ್ಚಿಗಳಿರುವ ಕಡೆ ಅದು 15 ಚದರ ಅಡಿ. ಹಾಗೆ ನೋಡಿದರೆ 3,000 ಚದರ ಅಡಿಯ ಹಾಲ್‌ನಲ್ಲಿ ಕುರ್ಚಿಗಳನ್ನು ಸಾಲು ಹಾಕಿದಾಗ ಸುಮಾರು 428 ಜನ, ಮೇಜುಗಳನ್ನು ಹಾಕಿದಾಗ ಕೇವಲ 200 ಜನ. ವೇದಿಕೆ, ವಾದ್ಯದವರ ಜಾಗ, ಕ್ಯಾಮೆರಾ ನಿಲ್ಲಿಸುವ ಅಟ್ಟಣಿಗೆ, ನಡುವಿನ ಓಡಾಟದ ದಾರಿ ಇವನ್ನೆಲ್ಲ ಮೊದಲು ಕಳೆದು, ಉಳಿದ ಜಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಳತೆಯ ಟೇಪು ಒಯ್ಯಲು ಸಂಕೋಚವಾದರೆ ಕಟ್ಟಡದ ನಕ್ಷೆ ಕೇಳಬಹುದು. ನಕ್ಷೆ ತೋರಿಸಲು ಹಿಂದೆಮುಂದೆ ನೋಡುವ ಮಂಟಪದ ಬಗ್ಗೆ ನನ್ನ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಜನ ಕೂರಲು ಜಾಗವಿದ್ದರಷ್ಟೇ ಸಾಲದು, ಅವರೆಲ್ಲ ಒಟ್ಟಿಗೆ ಹೊರಬರಲೂ ದಾರಿ ಇರಬೇಕು. ಅದೇ ಸಂಹಿತೆ 500ಕ್ಕಿಂತ ಹೆಚ್ಚು ಜನ ಸೇರುವಲ್ಲಿ ಕನಿಷ್ಠ ಮೂರು, 1,000ಕ್ಕಿಂತ ಹೆಚ್ಚು ಜನ ಸೇರುವಲ್ಲಿ ಕನಿಷ್ಠ ನಾಲ್ಕು ನಿರ್ಗಮನ ದಾರಿಗಳನ್ನು ಕೇಳುತ್ತದೆ. ಇಂಥ ಕಡೆ ಬಾಗಿಲುಗಳು ಹೊರಕ್ಕೆ ತೆರೆಯುವಂತಿರಬೇಕು, ಏಕೆಂದರೆ ಗಾಬರಿಯಿಂದ ನುಗ್ಗಿಬಂದ ಗುಂಪು ಒಳಕ್ಕೆ ತೆರೆಯುವ ಬಾಗಿಲನ್ನು ತನ್ನ ಭಾರದಿಂದಲೇ ಮುಚ್ಚಿಬಿಡುತ್ತದೆ. ಬಂಧುಗಳೊಂದಿಗೆ ನಾನು ನೋಡಲು ಹೋಗಿದ್ದ ಒಂದು ಸಭಾಂಗಣದಲ್ಲಿ ಎಡಗೋಡೆಯ ಬಾಗಿಲಿನ ಮೇಲೆ ಹಸಿರು ಅಕ್ಷರಗಳ ನಿರ್ಗಮನ ಫಲಕವೇನೋ ಉರಿಯುತ್ತಿತ್ತು. ಬಾಗಿಲಿಗೆ ಅಡ್ಡವಾಗಿ ಎದೆಯೆತ್ತರಕ್ಕೆ ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿದ್ದರು. ಅವುಗಳ ಹಿಂದೆ ಬಾಗಿಲಿಗೆ ಬೀಗ ಜಡಿದಿತ್ತು. ಕೀಲಿ ಎಲ್ಲಿ ಎಂದು ಕೇಳಿದಾಗ, ಕರೆಯದವರು ಆ ಕಡೆಯಿಂದ ಊಟಕ್ಕೆ ನುಗ್ಗುತ್ತಾರೆಂದು ಹಾಕಿಟ್ಟಿದ್ದೇವೆ, ಕೀಲಿ ಕಚೇರಿಯಲ್ಲಿದೆ, ಕಚೇರಿಯವರು ಸಂಜೆ ಬರುತ್ತಾರೆ ಎಂಬ ಉತ್ತರ ಬಂತು. ಆ ಹಾಲ್‌ನ ತೂಗುದೀಪಗಳು ಬಹಳ ಚೆನ್ನಾಗಿದ್ದವು.

ಶುಭಕಾರ್ಯದ ಹೊತ್ತಿನಲ್ಲಿ ಅಶುಭದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಮಂಟಪವೊಂದರಲ್ಲಿ ಮದುವೆಗೆಂದು ಹಾಕಿದ್ದ ತಾತ್ಕಾಲಿಕ ಚಪ್ಪರಕ್ಕೆ ಬೆಂಕಿ ಹೊತ್ತಿ ಮದುಮಗನೂ ಸೇರಿದಂತೆ 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ ಇರಾಕಿನ ಹಮ್‌ದಾನಿಯಾದ ಮದುವೆ ಸಭಾಂಗಣದೊಳಗೆ ಹಚ್ಚಿದ ಬಾಣಬಿರುಸಿನ ಕಿಡಿ ಚಾವಣಿಯ ಅಲಂಕಾರಕ್ಕೆ ತಗಲಿತು. ಕಟ್ಟಡಕ್ಕೆ ಬಳಸಿದ್ದ ಹಲಗೆಗಳು ಬೇಗ ಹೊತ್ತಿಕೊಳ್ಳುವಂಥವಾಗಿದ್ದರಿಂದ ನೂರಕ್ಕೂ ಹೆಚ್ಚು ಜೀವಗಳು ಹೋದವು. 2001ರ ಮೇ ತಿಂಗಳಲ್ಲಿ ಜೆರುಸಲೇಮಿನ ಒಂದು ಮದುವೆ ಸಭಾಂಗಣದಲ್ಲಿ ಬೆಂಕಿಯೇ ಇರಲಿಲ್ಲ. ಅತಿಥಿಗಳು ಕುಣಿಯುತ್ತಿದ್ದಾಗ ಮೂರನೇ ಅಂತಸ್ತಿನ ನೆಲವೇ ಕುಸಿದು 23 ಜನ ಸತ್ತರು. ಕಟ್ಟಡದ ರಚನೆಯಲ್ಲೇ ದೋಷವಿತ್ತು. ಅದರ ಮೇಲೆ, ಕೆಳಗಿನ ಅಂತಸ್ತಿನಲ್ಲಿ ಆಸರೆಯಾಗಿದ್ದ ಅಡ್ಡಗೋಡೆಗಳನ್ನು ಕೆಲವೇ ವಾರಗಳ ಹಿಂದೆ ತೆಗೆಸಲಾಗಿತ್ತು. ಈ ಮೂರೂ ಕಡೆ ಅತಿಥಿಗಳು ಮಾಡಿದ ತಪ್ಪೇನೂ ಇಲ್ಲ. ಆದರೆ ಮುಂಗಡ ಕೊಡುವ ಮೊದಲು ಕೇಳಬಹುದಾದ ಪ್ರಶ್ನೆಗಳು ಮೂರರಲ್ಲೂ ಸಿಗುತ್ತವೆ: ಅಲಂಕಾರಕ್ಕೆ ಯಾವ ಬಟ್ಟೆ, ಯಾವ ಥರ್ಮಾಕೋಲು ಬಳಸುತ್ತೀರಿ, ಒಳಗೆ ಪಟಾಕಿ, ಬಾಣಬಿರುಸಿಗೆ ಅವಕಾಶವಿದೆಯೇ, ಈಚೆಗೆ ಯಾವುದಾದರೂ ಗೋಡೆ ಒಡೆಸಿದ್ದೀರಾ, ಅಗ್ನಿಶಾಮಕ ಇಲಾಖೆಯ ಪರವಾನಗಿ ಯಾವ ವರ್ಷದ್ದು?

ಅನಾಹುತದ ಮಾತನ್ನು ಬದಿಗಿಟ್ಟರೂ ಜನಸಂಖ್ಯೆಯ ಲೆಕ್ಕ ಇಡೀ ದಿನದ ಸುಖದುಃಖವನ್ನು ನಿರ್ಧರಿಸುತ್ತದೆ. ಊಟದ ಹಾಲ್‌ನಲ್ಲಿ ಒಮ್ಮೆಗೆ ಅತಿಥಿಗಳ ಐದನೆಯ ಒಂದು ಭಾಗ ಮಾತ್ರ ಕೂರಲು ಸಾಧ್ಯವಿದ್ದರೆ, ಒಂದು ಸರದಿಗೆ ಮುಕ್ಕಾಲು ಗಂಟೆಯೆಂದು ಹಿಡಿದರೂ, ಕೊನೆಯ ಸರದಿಯವರು ಮೂರು ಗಂಟೆ ಕಾಯಬೇಕು. ಅವರು ಕುರ್ಚಿಗಳ ಹಿಂದೆ ಬಂದು ನಿಂತು ಉಣ್ಣುವವರ ಎಲೆ ನೋಡುವ ಮುಜುಗರ ಎಲ್ಲರಿಗೂ ಗೊತ್ತಿರುವುದೇ. ಶೌಚಾಲಯಗಳ ಸಂಖ್ಯೆ, ವಾಹನ ನಿಲ್ಲಿಸುವ ಜಾಗ, ಲಿಫ್ಟ್‌ನಲ್ಲಿ ಒಮ್ಮೆಗೆ ಹೋಗಬಹುದಾದವರ ಸಂಖ್ಯೆ ಇವೆಲ್ಲವನ್ನೂ ಇದೇ ಲೆಕ್ಕಕ್ಕೆ ಹೋಲಿಸಿ ನೋಡಬೇಕು. ಮೊದಲ ಮಹಡಿಯಲ್ಲಿ ಹಾಲ್ ಇದ್ದು ಲಿಫ್ಟ್ ಇಲ್ಲದಿದ್ದರೆ, ಮಂಡಿ ನೋವಿನ ಹಿರಿಯರು ಮೆಟ್ಟಿಲ ಬುಡದಲ್ಲೇ ಆಶೀರ್ವಾದ ಮಾಡಿ ಹೊರಡಬೇಕಾಗುತ್ತದೆ. ಜನರೇಟರ್ ಇದೆ ಎಂಬ ಉತ್ತರವನ್ನು ಅಲ್ಲಿಗೇ ಬಿಡಬಾರದು. ಅದು ದೀಪ, ಫ್ಯಾನುಗಳನ್ನು ಮಾತ್ರ ನಡೆಸುತ್ತದೆಯೋ, ಹವಾನಿಯಂತ್ರಣ, ಅಡುಗೆಮನೆ, ಲಿಫ್ಟ್‌ಗಳ ಹೊರೆಯನ್ನೂ ತಾಳುತ್ತದೆಯೋ, ಡೀಸೆಲ್ ಯಾರ ಲೆಕ್ಕದ್ದು ಎಂದೂ ಕೇಳಬೇಕು.

ಇವನ್ನೆಲ್ಲ ಖಾಲಿ ಹಾಲ್‌ನಲ್ಲಿ ನಿಂತು ಊಹಿಸುವುದು ಕಷ್ಟ. ಸಾಧ್ಯವಾದರೆ, ವ್ಯವಸ್ಥಾಪಕರ ಒಪ್ಪಿಗೆ ಪಡೆದು, ಅಲ್ಲಿ ಬೇರೊಂದು ಸಮಾರಂಭ ನಡೆಯುತ್ತಿರುವಾಗ, ಅದೂ ನಮ್ಮ ಕಾರ್ಯಕ್ರಮದ ಹೊತ್ತಿಗೇ ಒಮ್ಮೆ ಹೋಗಿಬರುವುದು ಲೇಸು. ಗೇಟಿನ ಬಳಿ ಎಷ್ಟು ವಾಹನ ಸಿಕ್ಕಿಬೀಳುತ್ತವೆ, ಕಂಬಗಳ ಹಿಂದೆ ಕುಳಿತವರಿಗೆ ವೇದಿಕೆ ಕಾಣುತ್ತದೆಯೇ, ಮೈಕಿನ ಮಾತು ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತದೆಯೇ ಎಂಬುದೆಲ್ಲ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬಯಲಿನ ಹುಲ್ಲುಹಾಸು ಬಾಡಿಗೆಗೆ ಹಿಡಿಯುವವರು ಮಳೆ ಬಂದರೆ ಜನ ಎಲ್ಲಿ ನಿಲ್ಲುತ್ತಾರೆ ಎಂದು ಕೇಳಿ, ಆ ಚಾವಣಿಯ ಕೆಳಗಿನ ಜಾಗವನ್ನೇ ಸ್ಥಳದ ನಿಜವಾದ ಸಾಮರ್ಥ್ಯವೆಂದು ತಿಳಿಯುವುದು ಒಳ್ಳೆಯದು.

ಅತಿಥಿಗಳ ಪಟ್ಟಿ ತಯಾರಾಗುವ ಮೊದಲೇ ಮಂಟಪಕ್ಕೆ ಮುಂಗಡ ಕೊಡುವ ರೂಢಿಯೂ ಈ ತೊಂದರೆಗಳಿಗೆ ಕಾರಣವೆಂದು ನನಗೆ ತೋರುತ್ತದೆ. ತಾರೀಕು ಕೈತಪ್ಪೀತೆಂಬ ಆತುರ ಅರ್ಥವಾಗುವಂಥದ್ದೇ, ಆದರೆ ಎರಡೂ ಮನೆಯವರು ಒಂದು ಸಂಜೆ ಕುಳಿತು ಕರೆಯಲೇಬೇಕಾದವರ ಹೆಸರು ಬರೆದರೆ ಸುಮಾರಾದ ಒಂದು ಸಂಖ್ಯೆ ಸಿಕ್ಕೇ ಸಿಗುತ್ತದೆ. ಆ ಸಂಖ್ಯೆ ಹಾಲ್‌ನ ಸಾಮರ್ಥ್ಯವನ್ನು ಮೀರಿದರೆ ಇನ್ನೂ ದೊಡ್ಡ ಹಾಲ್ ಹುಡುಕಬೇಕು, ಇಲ್ಲವೇ ಪಟ್ಟಿಯನ್ನು ಮೊಟಕುಗೊಳಿಸಬೇಕು. ಎಲ್ಲರೂ ಒಟ್ಟಿಗೆ ಬರುವುದಿಲ್ಲ, ಹೇಗೋ ಆಗುತ್ತದೆ ಎಂಬ ಧೈರ್ಯವನ್ನು ನಾನಂತೂ ಒಪ್ಪಲಾರೆ.

ಕರಾರು ಪತ್ರದ ಬಗ್ಗೆಯೂ ಒಂದು ಮಾತು. ಬಾಡಿಗೆ, ಮುಂಗಡ, ರದ್ದಾದರೆ ಹಿಂತಿರುಗಿಸುವ ಮೊತ್ತ, ಹಾಲ್ ಕೈಗೆ ಸಿಗುವ ಮತ್ತು ಖಾಲಿ ಮಾಡಬೇಕಾದ ಗಂಟೆ, ಹೊರಗಿನ ಅಡುಗೆಯವರಿಗೆ ಅನುಮತಿ, ಧ್ವನಿವರ್ಧಕ ನಿಲ್ಲಿಸಬೇಕಾದ ವೇಳೆ ಇವೆಲ್ಲ ಸಾಮಾನ್ಯವಾಗಿ ಅದರಲ್ಲಿರುತ್ತವೆ. ಜನಸಂಖ್ಯೆ ಮಾತ್ರ ಬಾಯಿಮಾತಿನಲ್ಲೇ ಉಳಿಯುತ್ತದೆ. ಕುಳಿತವರು ಇಷ್ಟು, ಒಮ್ಮೆಗೆ ಉಣ್ಣುವವರು ಇಷ್ಟು, ತೆರೆದಿರುವ ಬಾಗಿಲುಗಳು ಇಷ್ಟು ಎಂಬ ಮೂರು ಸಾಲುಗಳನ್ನು ಸೇರಿಸಿ ಸಹಿ ಹಾಕಿಸಿಕೊಳ್ಳಲು ಬಾಡಿಗೆಗೆ ಹಿಡಿಯುವವರು ಪಟ್ಟು ಹಿಡಿಯಬೇಕು. ಪರವಾನಗಿ ನೀಡುವ ಸ್ಥಳೀಯ ಆಡಳಿತಗಳು ಆ ಮೂರು ಅಂಕಿಗಳನ್ನು ಮಂಟಪದ ಮುಖ್ಯದ್ವಾರದಲ್ಲಿ, ಬಂದವರೆಲ್ಲರಿಗೂ ಕಾಣುವಂತೆ ಬರೆಸುವುದನ್ನು ಕಡ್ಡಾಯಗೊಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಪುರವಣಿಗಳಲ್ಲಿ ಮಂಟಪಗಳನ್ನು ಪರಿಚಯಿಸುವಾಗ ಅವುಗಳ ಚಿತ್ರದ ಕೆಳಗೆ ಇದೇ ಅಂಕಿಗಳನ್ನು ತಾವೂ ಪ್ರಕಟಿಸಿದರೆ ಉಪಕಾರವಾಗುತ್ತದೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ