ಮೊದಲ ಗಿಡ ಕಂಡ ದಿನ ಯಾರಿಗೆ ಫೋನ್ ಮಾಡಬೇಕು?

ಮಾನ್ಯ ಸಂಪಾದಕರೇ,

ಹೊರಗಿನಿಂದ ಬಂದು ಕೆರೆ, ಹೊಳೆ, ಕಡಲನ್ನು ಆವರಿಸಿಕೊಳ್ಳುವ ಗಿಡ, ಮೀನು, ಚಿಪ್ಪುಜೀವಿಗಳ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬಂದಾಗಲೆಲ್ಲ ಜೊತೆಗೆ ಒಂದೇ ಥರದ ಫೋಟೊ ಇರುತ್ತದೆ. ನೀರೇ ಕಾಣದಷ್ಟು ಹಸಿರು, ನಡುವೆ ಸಿಕ್ಕಿಕೊಂಡ ಒಂದು ದೋಣಿ. ಫೋಟೊ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ತೆಗೆಯುವ ಹೊತ್ತಿಗೆ ಕೈಮೀರಿ ಹೋಗಿರುತ್ತದೆ, ಅಲ್ವಾ? ನನಗೆ ಕುತೂಹಲ ಇರುವುದು ಅದಕ್ಕಿಂತ ಹಲವು ವರ್ಷ ಹಿಂದಿನ ಒಂದು ದಿನದ ಬಗ್ಗೆ. ಆ ಮೊದಲ ಗಿಡ ಯಾರ ಕಣ್ಣಿಗೆ ಬಿತ್ತು, ಅವರು ಯಾರಿಗೆ ಹೇಳಿದರು, ಹೇಳಿಸಿಕೊಂಡವರು ಅದನ್ನು ಯಾವ ಕಡತದಲ್ಲಿ ಹಾಕಿಟ್ಟು ಮರೆತರು?

ಒಂದೇ ಗಿಡದ ಎರಡು ಕಥೆ ಹೇಳ್ತೀನಿ. ಗಿಡದ ಹೆಸರು ಕಾಲರ್ಪಾ ಟ್ಯಾಕ್ಸಿಫೋಲಿಯಾ. ಕಡಲ ಪಾಚಿ ಜಾತಿಯದು, ನೋಡಲು ಹಸಿರು ಗರಿಯ ಹಾಗೆ, ಅದಕ್ಕೇ ಅಕ್ವೇರಿಯಂನವರಿಗೆ ಅಚ್ಚುಮೆಚ್ಚು. 1984ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ, ಫ್ರಾನ್ಸ್ ಪಕ್ಕದ ಪುಟ್ಟ ದೇಶ ಮೊನಾಕೊದ ಸಾಗರ ಮ್ಯೂಸಿಯಂನ ಬುಡದಲ್ಲೇ ಇದು ಮೊದಲು ಕಂಡಿತು. ಆಗ ಇದ್ದದ್ದು ಸುಮಾರು ಒಂದು ಚದರ ಮೀಟರ್. ಇಬ್ಬರು ಮುಳುಗುಗಾರರು ಜೋಪಾನವಾಗಿ ಒಂದು ಮಧ್ಯಾಹ್ನದಲ್ಲಿ ಕಿತ್ತು ಮುಗಿಸಬಹುದಾಗಿದ್ದಷ್ಟು. ಕೀಳಲಿಲ್ಲ. 1989ರ ಹೊತ್ತಿಗೆ ಒಂದು ಹೆಕ್ಟೇರ್ ಆಯ್ತು. ಇದು ಎಲ್ಲಿಂದ ಬಂತು, ಅಕ್ವೇರಿಯಂನಿಂದಲಾ, ತಾನಾಗಿಯೇ ಬಂತಾ, ಇದರಿಂದ ನಿಜವಾಗ್ಲೂ ತೊಂದರೆ ಇದೆಯಾ ಅಂತ ದೊಡ್ಡ ದೊಡ್ಡವರು ವರ್ಷಗಟ್ಟಲೆ ವಾದ ಮಾಡುತ್ತಾ ಕೂತರು. ಅಷ್ಟರಲ್ಲಿ ಅದು ಫ್ರಾನ್ಸ್, ಇಟಲಿ, ಸ್ಪೇನ್ ದಾಟಿ ಕ್ರೊಯೇಷಿಯಾ, ಟ್ಯುನೀಷಿಯಾದವರೆಗೂ ಹೋಯಿತು. ಆಮೇಲೆ ಹಲವು ಕಡೆ ತಾನಾಗಿಯೇ ಕುಗ್ಗಿತು, ಅದೂ ನಿಜ. ಆದರೆ ಅದು ಅದೃಷ್ಟವೇ ಹೊರತು ಯಾವ ಸರ್ಕಾರದ ಸಾಧನೆಯೂ ಅಲ್ಲ.

ಅದೇ ಗಿಡ 2000ದ ಜೂನ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್ ಹತ್ತಿರದ ಒಂದು ಹಿನ್ನೀರಿನಲ್ಲಿ ಕಾಣಿಸಿತು. ಅಲ್ಲಿನ ಸಮುದ್ರ ಹುಲ್ಲಿನ ಲೆಕ್ಕ ಹಾಕಲು ನೀರಿಗಿಳಿದಿದ್ದವರಿಗೆ ಇದು ಹೊಸದು ಅನ್ನಿಸಿತು, ತಜ್ಞರಿಗೆ ತೋರಿಸಿದರು. ಕಂಡ 17ನೇ ದಿನಕ್ಕೆ ಕೆಲಸ ಶುರು. ಗಿಡ ಇದ್ದ ಕಡೆ ಟಾರ್ಪಾಲು ಹೊದಿಸಿ, ಅಂಚಿಗೆ ಮರಳು ಮೂಟೆ ಹೇರಿ, ಒಳಗೆ ಕ್ಲೋರಿನ್ ಬಿಟ್ಟರು. ಯಾಕೆ ಇಷ್ಟು ಜೋಪಾನ ಅಂದ್ರೆ, ಎಳೆದು ಕೀಳಲು ಹೋದರೆ ತುಂಡಾಗುತ್ತದೆ, ಒಂದೊಂದು ಸಣ್ಣ ತುಂಡೂ ಮತ್ತೊಂದು ಗಿಡವಾಗುತ್ತದೆ. ಮೀನುಗಾರಿಕೆಯವರು, ನೀರಿನ ಗುಣಮಟ್ಟ ನೋಡುವವರು, ಕೇಂದ್ರದವರು, ರಾಜ್ಯದವರು, ಕೊನೆಗೆ ಪಕ್ಕದ ವಿದ್ಯುತ್ ಕಂಪನಿಯವರೂ ಸೇರಿ ಒಂದೇ ತಂಡ ಕಟ್ಟಿದರು. ಹೊಡೆದ ಮೇಲೂ ವರ್ಷಗಟ್ಟಲೆ ಮುಳುಗಿ ಮುಳುಗಿ ಹುಡುಕಿದರು. 70 ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚಾಯಿತು. 2006ರಲ್ಲಿ, ಇನ್ನಿಲ್ಲ ಅಂತ ಘೋಷಿಸಿದರು.

ಗಿಡ ಒಂದೇ. ಮೆಡಿಟರೇನಿಯನ್‌ನದೇ ತಳಿ ಅಂತ ವಂಶವಾಹಿ ಪರೀಕ್ಷೆಯಲ್ಲೂ ಗೊತ್ತಾಯಿತು. ಮೊನಾಕೊದ ಪಾಡು ಕಣ್ಣೆದುರಿಗಿತ್ತು ಅನ್ನೋದು ಕ್ಯಾಲಿಫೋರ್ನಿಯಾದವರಿಗೆ ಅನುಕೂಲವಾಯಿತು, ಒಪ್ಪುತ್ತೇನೆ. ಆದರೂ ಮುಖ್ಯವಾದ ವ್ಯತ್ಯಾಸ ಬೇರೆ. ಒಂದು ಕಡೆ ‘ಇದು ಯಾರ ಕೆಲಸ’ ಅನ್ನೋದು ತೀರ್ಮಾನವಾಗಲೇ ಇಲ್ಲ, ಇನ್ನೊಂದು ಕಡೆ 17 ದಿನದೊಳಗೇ ತೀರ್ಮಾನವಾಯಿತು.

ಈ ‘ಯಾರ ಕೆಲಸ’ ಅನ್ನೋದು ಸುಮ್ನೆ ಮಾತಲ್ಲ ಸ್ವಾಮಿ. ನೀರಿಗೆ ಬಂದ ಹೊಸ ಜೀವಿ ಮೀನಾದರೆ ಮೀನುಗಾರಿಕೆ ಇಲಾಖೆ. ಕಳೆಯಾದರೆ ನೀರಾವರಿಯವರು. ಹಡಗಿನ ತಳಕ್ಕೆ ಅಂಟಿಕೊಂಡು ಬಂದರೆ ಬಂದರಿನವರು. ಪೊಟ್ಟಣದಲ್ಲಿ ಆಮದಾದರೆ ಕಸ್ಟಮ್ಸ್. ಔಷಧ ಹೊಡೆಯಬೇಕಾದರೆ ಮಾಲಿನ್ಯ ನೋಡುವವರ ಒಪ್ಪಿಗೆ, ಪಕ್ಷಿಧಾಮವಿದ್ದರೆ ಅರಣ್ಯದವರ ಒಪ್ಪಿಗೆ. ಪ್ರತಿಯೊಬ್ಬರೂ ತಮ್ಮ ನಿಯಮದ ಪ್ರಕಾರ ಸರಿಯಾಗಿಯೇ ಇರುತ್ತಾರೆ, ಅದೇ ತಮಾಷೆ. ಯಾರೂ ಸೋಮಾರಿಗಳಲ್ಲ, ಯಾರೂ ಕೆಟ್ಟವರಲ್ಲ, ಪತ್ರಕ್ಕೆ ಪತ್ರ ಉತ್ತರವೂ ಹೋಗುತ್ತಿರುತ್ತದೆ, ಆದರೆ ಆ ಪತ್ರಗಳು ಓಡಾಡುವ ವೇಗಕ್ಕೂ ಎರಡು ವಾರದಲ್ಲಿ ದುಪ್ಪಟ್ಟಾಗಬಲ್ಲ ಅಂತರಗಂಗೆಯ ವೇಗಕ್ಕೂ ಎಲ್ಲಿಂದೆಲ್ಲಿಯ ಜೋಡಿ? ಉಗುರಿನಲ್ಲಿ ಚಿವುಟಬಹುದಾದದ್ದಕ್ಕೆ ಕೊಡಲಿ ಹುಡುಕುವ ಸ್ಥಿತಿ ಬರುವುದು ಹೀಗೆ.

ಹಾಗಾದ್ರೆ ಹೇಗಿರಬೇಕು ಅಂತ ಕೇಳಿದರೆ ನಾನು ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನ ಕಡೆ ಕೈ ತೋರಿಸುತ್ತೇನೆ. 1999ರಲ್ಲಿ ಅಲ್ಲಿ ದೋಣಿ ನಿಲ್ಲಿಸುವ ಕಟ್ಟೆಗಳಲ್ಲಿ ಕಪ್ಪು ಪಟ್ಟೆಯ ಸಣ್ಣ ಚಿಪ್ಪುಜೀವಿ ಸಿಕ್ಕಿತು. ಆರು ತಿಂಗಳ ಹಿಂದೆ ನೋಡಿದಾಗ ಇರಲಿಲ್ಲ, ಈಗ ಕೆಲವು ಕಡೆ ಒಂದು ಚದರ ಮೀಟರ್‌ಗೆ 20,000ಕ್ಕೂ ಹೆಚ್ಚು. ಅಲ್ಲಿನ ಸರ್ಕಾರ ಕೆಲವೇ ದಿನಗಳಲ್ಲಿ ಕಾನೂನಿನ ಬಲ ಕೊಟ್ಟು ಕಟ್ಟೆಗಳನ್ನು ಮುಚ್ಚಿಸಿತು. ಅಲ್ಲಿ ಭರತ ಇಳಿತ ಜೋರು, ಅದಕ್ಕಾಗಿ ಕಟ್ಟೆಗಳಿಗೆ ಮೊದಲೇ ಗೇಟ್ ಇತ್ತು, ಅದೂ ಕೈ ಹಿಡಿಯಿತು. ಗೇಟ್ ಹಾಕಿ, ಒಳಗಿನ ನೀರಿಗೆ ಟನ್‌ಗಟ್ಟಲೆ ಬ್ಲೀಚ್ ಮತ್ತು ಮೈಲುತುತ್ತ ಸುರಿದರು. ಅದಕ್ಕೂ ಮೊದಲೇ ಅಲ್ಲಿಂದ ಹೊರಟು ಹೋಗಿದ್ದ ದೋಣಿಗಳನ್ನು ಬೆನ್ನಟ್ಟಿ, ಒಂದೊಂದಾಗಿ ತಪಾಸಣೆ ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಚಿಪ್ಪು ನಿರ್ನಾಮ. ಖರ್ಚು 20 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೂ ಜಾಸ್ತಿ. ಆ ಕಟ್ಟೆಗಳೊಳಗಿದ್ದ ಬೇರೆ ಜೀವಗಳೂ ಸತ್ತವು, ಅದನ್ನು ಮುಚ್ಚಿಟ್ಟು ಹೊಗಳಬಾರದು. ಆದರೆ ಇಂಥ ಕಹಿ ನಿರ್ಧಾರಕ್ಕೆ ಸಹಿ ಹಾಕುವ ಅಧಿಕಾರ ಒಂದು ಕೈಯಲ್ಲಿತ್ತು ನೋಡಿ, ನಾನು ಹೇಳೋದು ಅದನ್ನೇ.

ಸಮನ್ವಯ ಸಮಿತಿ ಮಾಡಿದರೆ ಸಾಕಲ್ಲ ಅಂತ ಕೆಲವರು ಹೇಳುತ್ತಾರೆ. ಅಮೆರಿಕದವರು ಮಾಡಿದ್ದರು. 1988ರಲ್ಲಿ ಅವರ ಮಹಾ ಸರೋವರಗಳ ಸೀಮೆಯಲ್ಲಿ ಜೀಬ್ರಾ ಚಿಪ್ಪು ಸಿಕ್ಕಿತು, ಹಡಗಿನ ತೂಕ ಸರಿದೂಗಿಸಲು ತುಂಬುವ ಬ್ಯಾಲಾಸ್ಟ್ ನೀರಿನ ಜೊತೆ ಬಂದದ್ದು. ನಲ್ಲಿ ನೀರಿನ ಪೈಪು, ವಿದ್ಯುತ್ ಸ್ಥಾವರದ ಪೈಪು ಎಲ್ಲಾ ಕಟ್ಟಿಕೊಂಡವು. 1990ರಲ್ಲಿ ಕಾನೂನು ಬಂತು, ಹಲವು ಇಲಾಖೆಗಳ ಒಂದು ಕಾರ್ಯಪಡೆಯೂ ಆಯಿತು. ಅದರಿಂದ ಉಪಯೋಗವಿಲ್ಲ ಅಂತಲ್ಲ, ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸೋದೇ ದೊಡ್ಡ ಕೆಲಸ. ಆದರೆ ಅದು ಕೂಡಿ ಮಾತಾಡುವ ಜಾಗ, ಆಜ್ಞೆ ಕೊಡುವ ಕಚೇರಿ ಅಲ್ಲ. 2007ರಲ್ಲಿ ಜೀಬ್ರಾ ಚಿಪ್ಪಿನ ಹತ್ತಿರದ ಸಂಬಂಧಿ ಕ್ವಾಗಾ ಚಿಪ್ಪು ಸಾವಿರಾರು ಕಿಲೋಮೀಟರ್ ಆಚೆ, ಅಮೆರಿಕದ ಪಶ್ಚಿಮ ಭಾಗದ ಮೀಡ್ ಸರೋವರದಲ್ಲಿ ಸಿಕ್ಕಿತು. ಟ್ರೇಲರ್ ಮೇಲೆ ಹೇರಿಕೊಂಡು ಹೋದ ದೋಣಿಗೆ ಅಂಟಿಕೊಂಡು ಹೋಗಿರಬೇಕು ಅಂತಾರೆ. ದಾರಿಯಲ್ಲಿ ಎಷ್ಟು ರಾಜ್ಯದ ಗಡಿ ದಾಟಿರಬೇಕು, ಯೋಚನೆ ಮಾಡಿ.

ಅದೇ ಮಹಾ ಸರೋವರಗಳಲ್ಲಿ ಇನ್ನೊಂದು ಉದಾಹರಣೆಯೂ ಇದೆ, ಒಳ್ಳೇದು. ಲ್ಯಾಂಪ್ರೇ ಅಂತ ಹಾವಿನ ಹಾಗಿರುವ ಜೀವಿ, ಮೀನನ್ನು ಬಾಯಿಯಿಂದ ಕಚ್ಚಿಕೊಂಡು ರಕ್ತ ಹೀರುತ್ತದೆ. ಸರೋವರದ ಮೀನುಗಾರಿಕೆಯನ್ನೇ ಮಲಗಿಸಿತ್ತು. 1955ರಲ್ಲಿ ಅಮೆರಿಕ, ಕೆನಡಾ ಸೇರಿ ಒಂದು ಆಯೋಗ ಮಾಡಿದವು. ಎರಡು ದೇಶ, ಒಂದೇ ಕಾರ್ಯಕ್ರಮ, ಎರಡೂ ಕಡೆಯಿಂದ ದುಡ್ಡು. ಲ್ಯಾಂಪ್ರೇ ಮರಿಗಳನ್ನು ಮಾತ್ರ ಆರಿಸಿ ಕೊಲ್ಲುವಂಥ ಔಷಧ ಹುಡುಕಲು ಸಾವಿರಾರು ರಾಸಾಯನಿಕ ಪರೀಕ್ಷೆ ಮಾಡಿದರು. ಬಹುತೇಕ ಕಡೆ ಸಂಖ್ಯೆ ಶೇ 90ರಷ್ಟು ಇಳಿಯಿತು. ಆದರೆ ಪೂರ್ತಿ ಹೋಗಿಲ್ಲ. 2020, 2021ರಲ್ಲಿ ಕೋವಿಡ್‌ನಿಂದ ಔಷಧ ಹಾಕುವ ಕೆಲಸ ಕಮ್ಮಿಯಾದದ್ದೇ ತಡ, ಮತ್ತೆ ಏರಿತು. 65 ವರ್ಷದ ಶ್ರಮಕ್ಕೆ ಎರಡು ವರ್ಷದ ರಜೆಯನ್ನೂ ಆ ಜೀವಿ ಕೊಡಲಿಲ್ಲ!

ದೇಶಗಳೆಲ್ಲ ಸೇರಿ ಮಾಡುವ ಒಪ್ಪಂದಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬ್ಯಾಲಾಸ್ಟ್ ನೀರಿನ ಒಪ್ಪಂದಕ್ಕೆ ಒಪ್ಪಿಗೆ ಆದದ್ದು 2004ರಲ್ಲಿ, ಜಾರಿಗೆ ಬಂದದ್ದು 2017ರಲ್ಲಿ. 13 ವರ್ಷ ಹಡಗುಗಳು ಬಂದು ಹೋಗುತ್ತಲೇ ಇದ್ದವು.

ಇನ್ನು ಲೆಕ್ಕಕ್ಕೆ ಬಂದರೆ, ಜೀವವೈವಿಧ್ಯದ ಅಂತರ ಸರ್ಕಾರಿ ವೇದಿಕೆ ಐಪಿಬಿಇಎಸ್ 2023ರಲ್ಲಿ ಕೊಟ್ಟ ವರದಿ ಇದೆ. ನೆಲ, ನೀರು ಎರಡನ್ನೂ ಸೇರಿಸಿ ಹೇಳಿದ್ದು. ಶೇ 80ರಷ್ಟು ದೇಶಗಳು ಆಕ್ರಮಣಕಾರಿ ಜೀವಿಗಳನ್ನು ತಡೆಯುತ್ತೇವೆ ಅಂತ ತಮ್ಮ ಯೋಜನೆಯಲ್ಲಿ ಬರೆದುಕೊಂಡಿವೆ. ಅದಕ್ಕೆಂದೇ ಕಾನೂನು ಇರುವುದು ಶೇ 17ರಷ್ಟು ದೇಶಗಳಲ್ಲಿ ಮಾತ್ರ. ಶೇ 45ರಷ್ಟು ದೇಶಗಳು ನಿರ್ವಹಣೆಗೆ ದುಡ್ಡನ್ನೇ ಹಾಕುವುದಿಲ್ಲ. ಬರೆಯಲು ಎಲ್ಲರೂ ಮುಂದೆ, ಚೆಕ್ಕಿಗೆ ಸಹಿ ಹಾಕುವಾಗ ಹೆಚ್ಚುಕಮ್ಮಿ ಅರ್ಧ ಮಂದಿ ಇಲ್ಲ.

ಬೇರೆಯವರನ್ನೇ ಬೈಯುತ್ತಾ ಹೋಗೋದು ಸರಿಯಲ್ಲ, ನನ್ನದೂ ಒಂದು ಹೇಳಿಬಿಡುತ್ತೇನೆ. ನಾನೂ ಅಕ್ವೇರಿಯಂ ಇಟ್ಟವನು. ಒಮ್ಮೆ ತೊಟ್ಟಿಯ ಗಿಡ ವಿಪರೀತ ಬೆಳೆದಾಗ, ಕಸಕ್ಕೆ ಹಾಕಲು ಮನಸ್ಸು ಬಾರದೆ ಬಕೆಟ್‌ನಲ್ಲಿ ತುಂಬಿಕೊಂಡು ಹರಿಯುವ ನೀರಿಗೆ ಬಿಡಲು ಹೊರಟಿದ್ದೆ. ಪಾಪ, ಬದುಕಿಕೊಳ್ಳಲಿ ಅಂತ. ಜೊತೆಗಿದ್ದವರೊಬ್ಬರು ತಡೆದದ್ದರಿಂದ ಉಳಿದೆ. ಗಿಡ ಮಾರಿದವರು ಇದನ್ನು ಹೇಳಿರಲಿಲ್ಲ, ಅವರು ಹೇಳಲೇಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನನ್ನಂಥವರ ಬಕೆಟ್ಟು ನೀರಿನ ತನಕ ಬರದ ಹಾಗೆ ಮಾಡುವುದು ಟಾರ್ಪಾಲು, ಮೈಲುತುತ್ತಕ್ಕಿಂತ ಎಷ್ಟೋ ಅಗ್ಗ.

ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ಇಲಾಖೆ ಬೇಡ. ಇರುವ ಇಲಾಖೆಗಳಲ್ಲೇ ಒಂದಕ್ಕೆ, ಜೀವಿ ಬರುವ ಮೊದಲೇ, ಮುಂದಾಳತ್ವ ಕೊಡಿ. ನೀರು ಮುಚ್ಚಿಸುವ, ದೋಣಿ ನಿಲ್ಲಿಸುವ ಅಧಿಕಾರ ಬರವಣಿಗೆಯಲ್ಲಿ ಕೊಡಿ. ಯಾರನ್ನೂ ಕೇಳದೆ ಮೊದಲ ತಿಂಗಳು ಖರ್ಚು ಮಾಡುವಷ್ಟು ದುಡ್ಡು ಎತ್ತಿಡಿ. ಮೀನುಗಾರರು ವಿಚಿತ್ರವಾದದ್ದು ಕಂಡರೆ ಕರೆ ಮಾಡಲು ಒಂದೇ ಒಂದು ನಂಬರ್ ಇರಲಿ, ಕರೆ ಮಾಡಿದರೆ ಯಾರಾದರೂ ಎತ್ತಲಿ.

ಮುಂದಿನ ಸಲ ನಿಮ್ಮ ವರದಿಗಾರರು ಆ ಹಸಿರು ಫೋಟೊ ತೆಗೆಯಲು ಹೋದಾಗ ಅಧಿಕಾರಿಗಳ ಹತ್ತಿರ ಎಷ್ಟು ಟನ್ ಕಳೆ ಎತ್ತಿದಿರಿ ಅಂತ ಕೇಳುವುದನ್ನು ಬಿಡಲಿ. ಮೊದಲ ಗಿಡ ಕಂಡದ್ದು ಯಾವತ್ತು, ಅವತ್ತು ಯಾರಿಗೆ ತಿಳಿಸಿದಿರಿ, ಅವರು ಎಷ್ಟನೇ ದಿನಕ್ಕೆ ನೀರಿಗಿಳಿದರು ಅಂತ ಕೇಳಲಿ.

ಇಂತಿ,
ನಿಮ್ಮ ಹಳೆಯ ಓದುಗ