ಕೋಪ ತಣಿಸಲು ಕೊಟ್ಟ ಬಲಿಯೇ ಶಿಲುಬೆ?

ಮಾನ್ಯರೇ,

ಶುಭ ಶುಕ್ರವಾರದ ಸಂದರ್ಭದಲ್ಲಿ ತಮ್ಮ ಪತ್ರಿಕೆ ಪ್ರಕಟಿಸಿದ ಲೇಖನವೊಂದು, ಯೇಸುವಿನ ಶಿಲುಬೆಯ ಮರಣದಿಂದ ಮನುಷ್ಯರ ಪಾಪಕ್ಕೆ ಪರಿಹಾರ ದೊರೆಯಿತೆಂಬ ಕ್ರೈಸ್ತರ ಪ್ರಾಯಶ್ಚಿತ್ತ ಸಿದ್ಧಾಂತವನ್ನು, ರಕ್ತ ಕಾಣದೆ ಕ್ಷಮಿಸಲಾರದ ಕೋಪಿಷ್ಠ ದೇವರು ತನ್ನ ನಿರಪರಾಧಿ ಮಗನನ್ನೇ ಬಲಿ ತೆಗೆದುಕೊಂಡ ಕಥೆಯೆಂಬಂತೆ ವಿವರಿಸಿದೆ. ಲೇಖಕರ ಮೇಲೆ ನನಗೆ ಬೇಸರವಿಲ್ಲ. ನಮ್ಮ ಪ್ರಸಂಗಪೀಠಗಳಿಂದ, ನಾವೇ ಹಂಚುವ ಕರಪತ್ರಗಳಿಂದ ಹೊರಗಿನವರ ಕಿವಿಗೆ ಬೀಳುವುದೂ ಬಹುಮಟ್ಟಿಗೆ ಇದೇ. ಆದರೆ ಸಿದ್ಧಾಂತವೆಂದರೆ ಇಷ್ಟೇ ಎಂದು ಓದುಗರು ತಿಳಿದುಬಿಟ್ಟರೆ ಎರಡು ಸಾವಿರ ವರ್ಷಗಳ ಗಂಭೀರ ಚಿಂತನೆಗೆ ಅನ್ಯಾಯವಾಗುತ್ತದೆ ಎಂಬ ಕಾರಣಕ್ಕೆ, ಆ ಶಿಲುಬೆಯನ್ನು ನಂಬಿ ಬಾಳುವವರಲ್ಲಿ ಒಬ್ಬನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಲೇಖಕರು ಎತ್ತಿರುವ ಆಕ್ಷೇಪ ಈ ಕಾಲದ ವಿಚಾರವಾದಿಗಳಿಗೆ ಮೊದಲು ಹೊಳೆದದ್ದಲ್ಲ. ನಾಲ್ಕನೆಯ ಶತಮಾನದಲ್ಲೇ ನಾಜಿಯಾನ್ಸಸ್‌ನ ಗ್ರೆಗರಿ ಎಂಬ ಬಿಷಪ್ ತಮ್ಮ ಈಸ್ಟರ್ ಪ್ರಸಂಗದಲ್ಲಿ ಅದನ್ನು ಇನ್ನೂ ಕಟುವಾಗಿ ಕೇಳಿದ್ದರು. ಕ್ರಿಸ್ತನ ರಕ್ತವನ್ನು ಈಡಾಗಿ ಕೊಟ್ಟದ್ದು ಯಾರಿಗೆ? ಆಗ ಕೆಲವರು ಬೋಧಿಸುತ್ತಿದ್ದಂತೆ ಸೈತಾನನಿಗೆ ಎನ್ನುವುದಾದರೆ, ದರೋಡೆಕೋರನಿಗೆ ದೇವರನ್ನೇ ಬೆಲೆಯಾಗಿ ತೆತ್ತಂತಾಗುತ್ತದೆ, ಅದು ನಾಚಿಕೆಗೇಡು. ತಂದೆಯಾದ ದೇವರಿಗೆ ಎನ್ನುವುದಾದರೆ, ಅಬ್ರಹಾಮನು ಬಲಿಯಾಗಿ ಕೊಡಹೊರಟ ಮಗ ಇಸಾಕನನ್ನೇ ಒಲ್ಲದೆ ಬದಲಿಗೆ ಟಗರನ್ನು ಒದಗಿಸಿದ ತಂದೆಗೆ ತನ್ನ ಏಕೈಕ ಪುತ್ರನ ರಕ್ತ ಹೇಗೆ ಹಿತವಾದೀತು? ತಂದೆ ಅದನ್ನು ಕೇಳಿದವನೂ ಅಲ್ಲ, ಅದು ಅವನಿಗೆ ಬೇಕಾಗಿಯೂ ಇರಲಿಲ್ಲ. ದೇವರು ಧರಿಸಿಕೊಂಡ ಮನುಷ್ಯತ್ವದಿಂದಲೇ ಮನುಷ್ಯರು ಪವಿತ್ರರಾಗಬೇಕಿತ್ತು ಎಂಬುದು ಗ್ರೆಗರಿ ಕಂಡುಕೊಂಡ ಉತ್ತರ. 12ನೆಯ ಶತಮಾನದಲ್ಲಿ ಪೀಟರ್ ಅಬೆಲಾರ್ಡ್ ಎಂಬ ಫ್ರೆಂಚ್ ವಿದ್ವಾಂಸ, ಮೊದಲ ಶತಮಾನದ ಕ್ರೈಸ್ತ ಬೋಧಕ ಪೌಲನು ರೋಮಾಪುರದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರಿಕೆಯನ್ನು ವ್ಯಾಖ್ಯಾನಿಸುತ್ತಾ, ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಎಂತಹ ಕ್ರೌರ್ಯ, ಎಂತಹ ಅನ್ಯಾಯ ಎಂದು ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದ.

ಇನ್ನೊಂದು ಸಂಗತಿ ಕ್ರೈಸ್ತರಲ್ಲೇ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಕ್ರಿಸ್ತನು ಯಾರು ಎಂಬ ಪ್ರಶ್ನೆಗೆ ಪ್ರಾಚೀನ ಕ್ರೈಸ್ತ ಸಭೆಯ (ಚರ್ಚಿನ) ಸಮ್ಮೇಳನಗಳು ಅಕ್ಷರ ಅಕ್ಷರಕ್ಕೂ ಹೋರಾಡಿ ಉತ್ತರ ನಿರ್ಣಯಿಸಿದವು. ಆದರೆ ಅವನ ಮರಣ ನಮ್ಮನ್ನು ಹೇಗೆ ರಕ್ಷಿಸುತ್ತದೆ ಎಂಬ ಬಗ್ಗೆ ಅವು ಯಾವ ಒಂದು ವಿವರಣೆಯನ್ನೂ ಕಡ್ಡಾಯ ಮಾಡಲಿಲ್ಲ. 381ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನದ ಹೆಸರಿನಲ್ಲಿ ನಾವು ಇಂದಿಗೂ ಹೇಳುವ ವಿಶ್ವಾಸಪ್ರಮಾಣದಲ್ಲಿ, ನಮಗೋಸ್ಕರ ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಗೇರಿದನು ಎಂದಷ್ಟೇ ಇದೆ. ಹೇಗೆ, ಯಾವ ಕ್ರಮದಿಂದ ಎಂಬುದಿಲ್ಲ. ಮುಂದೆ ಬೇರೆ ಬೇರೆ ಪಂಗಡಗಳು ತಮ್ಮ ತಮ್ಮ ಪ್ರಮಾಣಗಳಲ್ಲಿ ಹೆಚ್ಚು ಬರೆದುಕೊಂಡವು, ನಿಜ. ಆದರೂ ಒಂದು ಪಂಗಡದ ಒಂದು ಕಾಲದ ವಿವರಣೆಯನ್ನು ಇಡೀ ಕ್ರೈಸ್ತ ಸಿದ್ಧಾಂತವೆಂದು ಹಿಡಿದು ಖಂಡಿಸುವುದು ಸರಿಯಲ್ಲ, ಬೋಧಿಸುವುದೂ ಸರಿಯಲ್ಲ.

ಬಲಿಯ ಮಾತಿಗೇ ಬರೋಣ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ಬರೆದವರ ಮನಸ್ಸಿನಲ್ಲಿದ್ದದ್ದು, ಅದರ ಮೊದಲ ಭಾಗದ ಯಾಜಕಕಾಂಡವೆಂಬ ಗ್ರಂಥದ 16ನೆಯ ಅಧ್ಯಾಯದಲ್ಲಿ ಬರುವ ದೋಷಪರಿಹಾರಕ ದಿನದ ವಿಧಿ. ಅದನ್ನು ನಿಧಾನವಾಗಿ ಓದಿದವರಿಗೆ ತಮ್ಮ ಪತ್ರಿಕೆಯ ಲೇಖಕರು ಬರೆದ ಚಿತ್ರ ಅಲ್ಲಿ ಕಾಣಿಸುವುದಿಲ್ಲ. ಮಹಾಯಾಜಕನು ಸ್ನಾನಮಾಡಿ, ನಾರಿನ ಸಾದಾ ಬಟ್ಟೆ ತೊಟ್ಟು, ಎರಡು ಹೋತಗಳನ್ನು ದೇವದರ್ಶನದ ಗುಡಾರದ ಬಾಗಿಲಿಗೆ ತಂದು ಚೀಟು ಹಾಕುತ್ತಾನೆ. ಒಂದನ್ನು ವಧಿಸಿ, ಅದರ ರಕ್ತವನ್ನು ತೆರೆಯ ಒಳಗಿನ ದೇವರ ಸನ್ನಿಧಿಯ ಸ್ಥಾನವಾದ ಕೃಪಾಸನದ ಮೇಲೂ ಮುಂದೆಯೂ ಚಿಮುಕಿಸುತ್ತಾನೆ. ಜನರ ಅಶುದ್ಧತೆ ತಗುಲಿದ ಪವಿತ್ರಸ್ಥಳ ಅದರಿಂದ ಶುದ್ಧವಾಗುತ್ತದೆ. ಬಳಿಕ ಬದುಕಿರುವ ಎರಡನೆಯ ಹೋತದ ತಲೆಯ ಮೇಲೆ ತನ್ನ ಎರಡೂ ಕೈಗಳನ್ನಿಟ್ಟು, ಜನರ ಅಪರಾಧಗಳನ್ನೆಲ್ಲ ಅರಿಕೆಮಾಡಿ, ಅವನ್ನು ಅದರ ಮೇಲೆ ಹೊರಿಸಿ, ಒಬ್ಬ ಆಳಿನ ಕೈಯಲ್ಲಿ ಅದನ್ನು ಕಾಡಿಗೆ ಕಳುಹಿಸುತ್ತಾನೆ. ಗಮನಿಸಬೇಕಾದದ್ದು ಇಲ್ಲಿ. ಪಾಪವನ್ನು ಹೊತ್ತ ಹೋತವನ್ನು ಬಲಿಪೀಠದಲ್ಲಿ ಕೊಲ್ಲುವುದಿಲ್ಲ. ಕೊಂದ ಹೋತದ ಮೇಲೆ ಪಾಪವನ್ನು ಹೊರಿಸಿಲ್ಲ. ಜನರ ಬದಲಿಗೆ ಪ್ರಾಣಿಯನ್ನು ದಂಡಿಸಲಾಯಿತೆಂಬ ಮಾತು ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ಅದರ ಮುಂದಿನ ಅಧ್ಯಾಯವಂತೂ, ರಕ್ತವೆಂದರೆ ಪ್ರಾಣ, ಅದನ್ನು ಪ್ರಾಯಶ್ಚಿತ್ತಕ್ಕಾಗಿ ಯಜ್ಞವೇದಿಯ ಮೇಲೆ ನಿಮಗೆ ಕೊಟ್ಟವನು ನಾನೇ ಎಂದು ದೇವರ ಬಾಯಿಂದಲೇ ಹೇಳಿಸುತ್ತದೆ. ಕೊಡುವವನು ದೇವರು, ಪಡೆಯುವವರು ಜನರು. ಪೌಲನು ಕ್ರಿಸ್ತನ ಮರಣದ ಕುರಿತು ಬರೆಯುವಾಗಲೂ ದಿಕ್ಕು ಅದೇ: ಕ್ರಿಸ್ತನನ್ನು ನಮ್ಮ ಮುಂದಿಟ್ಟವನು ದೇವರು, ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಂಧಾನಪಡಿಸಿಕೊಂಡವನೂ ದೇವರೇ.

ಹಾಗಾದರೆ ಕೋಪಿಷ್ಠ ದೇವರ ಚಿತ್ರ ಎಲ್ಲಿಂದ ಬಂತು? ಸಾಮಾನ್ಯವಾಗಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮರತ್ತ ಬೆರಳು ತೋರಿಸುತ್ತಾರೆ. ಇಂಗ್ಲೆಂಡಿನ ಅರಸನೊಂದಿಗೆ ವಿರಸವಾಗಿ ಇಟಲಿಯಲ್ಲಿದ್ದಾಗ, 1098ರಲ್ಲಿ ಅವರು ಮುಗಿಸಿದ, ದೇವರು ಮನುಷ್ಯನಾದದ್ದೇಕೆ ಎಂಬ ಪ್ರಶ್ನೆಯನ್ನೇ ಹೆಸರಾಗಿ ಹೊತ್ತ ಗ್ರಂಥ ಶಿಷ್ಯ ಬೋಸೋ ಜೊತೆಗಿನ ಸಂವಾದದ ರೂಪದಲ್ಲಿದೆ. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು. ಅದಕ್ಕೆ ಒಂದೋ ಶಿಕ್ಷೆಯಾಗಬೇಕು, ಇಲ್ಲವೇ ಕೆಟ್ಟದ್ದನ್ನು ಸರಿಪಡಿಸುವ ಪರಿಹಾರ ಸಲ್ಲಬೇಕು ಎಂಬುದು ಅವರ ವಾದ. ಕ್ರಿಸ್ತನು ಸಲ್ಲಿಸಿದ್ದು ಎರಡನೆಯದನ್ನು. ಎಂದರೆ ಶಿಕ್ಷೆಯೇ ಬೇಡವಾಗುವಂತೆ ಸ್ವ‌ಇಚ್ಛೆಯಿಂದ ಅರ್ಪಿಸಿದ ಪ್ರಾಣವದು. ಶಿಷ್ಯನು ಕ್ಷಮೆಯನ್ನು ಸುಲಭವೆಂದು ಬಗೆದಾಗ, ಪಾಪದ ಭಾರ ಎಷ್ಟೆಂದು ನೀನಿನ್ನೂ ತೂಗಿ ನೋಡಿಲ್ಲ ಎಂದು ಗುರು ಎಚ್ಚರಿಸುವ ಮಾತು ಇಂದಿಗೂ ನನ್ನನ್ನು ತಡೆದು ನಿಲ್ಲಿಸುತ್ತದೆ. ಕ್ರಿಸ್ತನು ನಮ್ಮ ಬದಲಿಗೆ ಶಿಕ್ಷೆಯನ್ನೇ ಅನುಭವಿಸಿದನೆಂಬ ವಿವರಣೆ ಪೂರ್ಣರೂಪಕ್ಕೆ ಬಂದದ್ದು 16ನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರಿಂದ, ಮುಖ್ಯವಾಗಿ ಕಾನೂನು ಓದಿದ್ದ ಜಾನ್ ಕ್ಯಾಲ್ವಿನ್‌ರಿಂದ. ಅವರೂ ಪ್ರಾಚೀನ ಸಭೆಯ ಧರ್ಮಶಾಸ್ತ್ರಜ್ಞ ಅಗಸ್ಟೀನರ ಮಾತನ್ನು ಉದ್ಧರಿಸಿ, ಮಗನ ರಕ್ತ ಸುರಿದ ಮೇಲೆ ದೇವರು ನಮ್ಮನ್ನು ಪ್ರೀತಿಸತೊಡಗಿದನೆಂದು ತಿಳಿಯಬಾರದು, ಲೋಕ ಹುಟ್ಟುವ ಮೊದಲೇ ಪ್ರೀತಿಸಿದ್ದನು ಎಂದು ಸ್ಪಷ್ಟಪಡಿಸುತ್ತಾರೆ. ನ್ಯಾಯಾಲಯದ ಆ ಭಾಷೆಯಲ್ಲಿ ಸತ್ಯವಿದೆ ಎಂದು ನಾನು ನಂಬುತ್ತೇನೆ, ಏಕೆಂದರೆ ಅಪರಾಧ ನಿಜವಾದದ್ದು. ಆದರೆ ತಂದೆಯನ್ನು ಒಂದು ಕಡೆ, ಮಗನನ್ನು ಇನ್ನೊಂದು ಕಡೆ ನಿಲ್ಲಿಸಿ, ಒಬ್ಬನ ಸಿಟ್ಟಿಗೆ ಇನ್ನೊಬ್ಬನನ್ನು ಒಡ್ಡಿದಂತೆ ಅದನ್ನು ಸಾರಿದರೆ, ದೇವರು ಒಬ್ಬನೇ ಎಂಬ ನಮ್ಮ ಮೂಲ ನಂಬಿಕೆಯನ್ನೇ ಬಿಟ್ಟುಕೊಟ್ಟಂತಾಗುತ್ತದೆ.

ಮಾಡಿದ್ದುಣ್ಣೋ ಮಹರಾಯ ಎಂದು ಕೇಳಿ ಬೆಳೆದ ನಮ್ಮ ನಾಡಿನವರಿಗೆ ಒಬ್ಬರ ಪಾಪವನ್ನು ಇನ್ನೊಬ್ಬರು ಹೇಗೆ ಹೊರಬಲ್ಲರು ಎಂಬ ಸಂದೇಹ ಸಹಜ. ಪ್ರವಾದಿ ಯೆಹೆಜ್ಕೇಲನದೂ ಅದೇ ಮಾತು: ಮಗನು ತಂದೆಯ ದೋಷಫಲವನ್ನು ಅನುಭವಿಸುವುದಿಲ್ಲ, ಪಾಪಮಾಡಿದವನೇ ಸಾಯುವನು. ಪೌಲನಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಅವನು, ಎಲ್ಲೋ ಒಬ್ಬ ಅಪರಿಚಿತನು ನಮ್ಮ ಪರವಾಗಿ ಸತ್ತನೆಂದು ಹೇಳಿ ನಿಲ್ಲಿಸದೆ, ದೀಕ್ಷಾಸ್ನಾನದಲ್ಲಿ ನಾವು ಕ್ರಿಸ್ತನ ಮರಣದಲ್ಲಿ ಪಾಲುಗಾರರಾಗಿ ಅವನೊಂದಿಗೆ ಹೂಣಲ್ಪಟ್ಟೆವು ಎನ್ನುತ್ತಾನೆ. ಲೆಕ್ಕವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ವ್ಯವಹಾರವಲ್ಲ ಅದು. ಹಳೆಯ ಬದುಕು ಅವನೊಂದಿಗೆ ಸತ್ತು ಹೊಸತು ಹುಟ್ಟಬೇಕು. ಇನ್ನು ಕ್ಷಮಿಸಬೇಕಿದ್ದರೆ ಸುಮ್ಮನೆ ಕ್ಷಮಿಸಬಾರದಿತ್ತೇ ಎಂಬ ಪ್ರಶ್ನೆಗೆ ಮತ್ತಾಯನ ಸುವಾರ್ತೆಯ ಒಂದು ಸಾಮ್ಯವೇ ಸಾಕು. ಅಲ್ಲಿ ಅರಸನು ತನ್ನ ಆಳಿಗೆ ಹತ್ತು ಸಾವಿರ ತಲಾಂತುಗಳ ಸಾಲವನ್ನು ಬಿಟ್ಟುಬಿಡುತ್ತಾನೆ. ಒಂದು ತಲಾಂತು ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಸಾಲ ಮನ್ನಾ ಆಯಿತೆಂದು ಹಣ ಹಿಂದಕ್ಕೆ ಬರಲಿಲ್ಲ. ಆ ನಷ್ಟವನ್ನೆಲ್ಲ ಅರಸನೇ ನುಂಗಿಕೊಂಡ. ಕ್ಷಮೆಗೆ ಬೆಲೆಯಿದೆ, ಆ ಬೆಲೆ ಬೀಳುವುದು ಕ್ಷಮಿಸುವವನ ಮೇಲೆ. ಶಿಲುಬೆಯಲ್ಲಿ ದೇವರು ಆ ನಷ್ಟವನ್ನು ತಾನೇ ಹೊತ್ತನು ಎಂಬುದು ನಮ್ಮ ನಂಬಿಕೆ.

ಒಂದು ವಿಷಯದಲ್ಲಿ ಮಾತ್ರ ಲೇಖಕರ ಸಿಟ್ಟು ನನಗೂ ಸಮ್ಮತ. ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸಿಕೋ ಅಮ್ಮಾ, ಅದೇ ನಿನ್ನ ಶಿಲುಬೆ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವವರನ್ನು ನಾನು ಕಂಡಿದ್ದೇನೆ. ಪ್ರಾಯಶ್ಚಿತ್ತದ ಬೋಧೆಗೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದು ಯೇಸು ಯೋಹಾನನ ಸುವಾರ್ತೆಯಲ್ಲಿ ಹೇಳುತ್ತಾನೆ. ಬಲವಂತದ ನೋವಿಗೂ ಆ ಅರ್ಪಣೆಗೂ ಯಾವ ಹೋಲಿಕೆಯೂ ಇಲ್ಲ. ಆ ಯಜ್ಞ ಒಂದೇ ಸಾರಿ, ಎಲ್ಲ ಕಾಲಕ್ಕೂ ಆಗಿಹೋಯಿತೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಮತ್ತೆ ಮತ್ತೆ ಒತ್ತಿ ಹೇಳುತ್ತದೆ. ಅಂದಮೇಲೆ ಇನ್ನಾರನ್ನಾದರೂ ಬಲಿಪಶುವಾಗಿ ನಿಲ್ಲಿಸುವ ಅಧಿಕಾರ ಗಂಡನಿಗೂ ಇಲ್ಲ, ಸಭಾಪಾಲಕರಿಗೂ ಇಲ್ಲ.

ಇಂತಹ ವಿಷಯ ಹಬ್ಬದ ದಿನದ ಒಂದು ಲೇಖನಕ್ಕೋ ಓದುಗರ ಒಂದು ಪತ್ರಕ್ಕೋ ಮುಗಿಯುವಂಥದ್ದಲ್ಲ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಧರ್ಮಾರಾಮ್ ಮುಂತಾದ ಕಡೆಗಳಲ್ಲಿ ಇದನ್ನು ಬೋಧಿಸುವವರಿದ್ದಾರೆ. ಮುಂದಿನ ವರ್ಷ ಶುಭ ಶುಕ್ರವಾರಕ್ಕೆ ಮುಂಚೆ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಪರಂಪರೆಗಳ ವಿದ್ವಾಂಸರಿಂದ ತಾವು ಕನ್ನಡದಲ್ಲಿ ಬರೆಸಬೇಕು, ಅದೇ ಪುಟದಲ್ಲಿ ಈ ಲೇಖಕರಿಗೂ ಅವರನ್ನು ಪ್ರಶ್ನಿಸಲು ಜಾಗ ಕೊಡಬೇಕು ಎಂದು ಕೋರುತ್ತೇನೆ.

ಇತಿ,
ತಮ್ಮ ಓದುಗ,
ಧಾರವಾಡ