‘ಸ್ಥಿರ ತಳಿ’ ಎಂದು ಮಾರಿದ ಟೊಮೆಟೊ ಬೀಜ: ಎರಡನೇ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನಿಮ್ಮ ಹೊಸ ನೇರಳೆ ಟೊಮೆಟೊ ತಳಿಯ ಬೀಜ ಮತ್ತು ನನ್ನ ಮೊದಲ ದೂರಿಗೆ ಬಂದ ಉತ್ತರ

ಮಾನ್ಯರೇ,

ನಿಮ್ಮ ಹೊಸ ಟೊಮೆಟೊ ತಳಿಯ ಬೀಜವನ್ನು ಈ ಹಂಗಾಮಿನಲ್ಲಿ ಬಿತ್ತಿದೆ. ಪೊಟ್ಟಣದ ಹಿಂದೆ ನೀವೇ ಅಚ್ಚು ಹಾಕಿಸಿರುವುದು ಹೀಗಿದೆ: ಹೊಸದಾಗಿ ಅಭಿವೃದ್ಧಿಪಡಿಸಿದ ಸ್ಥಿರ ತಳಿ, ಹೈಬ್ರಿಡ್ ಅಲ್ಲ, ಸಾಮಾನ್ಯ ಎಲೆ, ಕೆಂಪು ಹಣ್ಣು, ತೊಟ್ಟಿನ ಕಡೆ ನೇರಳೆ ಬಣ್ಣ, ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದು. ಆ ಕೊನೆಯ ಮಾತು ನೋಡಿಯೇ ನಾನು ಕೊಂಡದ್ದು. ನೇರಳೆ ಟೊಮೆಟೊ ಈಗ ಅಪರೂಪವೇನಲ್ಲ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ 2012ರಲ್ಲಿ ಇಂಡಿಗೊ ರೋಸ್ ತಳಿಯನ್ನು ಹೊರತಂದ ಮೇಲೆ ಆ ಬಣ್ಣದವು ಬೇಕಾದಷ್ಟು ಬಂದಿವೆ. ನನಗೆ ಬೇಕಿದ್ದದ್ದು ಒಂದು ಹೊಸ ಸ್ಥಿರ ತಳಿ, ಅಂದರೆ ಬೀಜ ಉಳಿಸಿ ಬಿತ್ತಿದರೆ ಪ್ರತಿ ಸಲವೂ ಅದೇ ಥರ ಬರುವಂಥದ್ದು.

ಬಂದದ್ದು ಬೇರೆಯೇ. ಟ್ರೇನಲ್ಲಿ ಮೊಳಕೆ ಬಂದಾಗ ಏನೂ ಗೊತ್ತಾಗಲಿಲ್ಲ. ಬೀಜದೆಲೆ ಎಲ್ಲಕ್ಕೂ ಒಂದೇ ಥರ ಇರುತ್ತದೆ. ನಿಜವಾದ ಎಲೆಗಳು ಎರಡು ಮೂರು ಬರುತ್ತಿದ್ದ ಹಾಗೆ ಸಸಿಗಳು ಎರಡು ಗುಂಪಾದವು. ಜಾಸ್ತಿ ಸಸಿಗಳಲ್ಲಿ ಎಲೆಯ ಅಂಚು ಗರಗಸದ ಹಲ್ಲಿನ ಹಾಗಿತ್ತು. ಉಳಿದವುಗಳ ಎಲೆ ಅಗಲ, ಅಂಚು ನುಣುಪು, ಅಂದರೆ ಟೊಮೆಟೊ ಬೆಳೆಯುವವರು ಆಲೂಗಡ್ಡೆ ಎಲೆ ಅನ್ನುವ ಬಗೆ. ಹಣ್ಣು ಬಿಟ್ಟಾಗ ಇನ್ನೊಂದು ವ್ಯತ್ಯಾಸ ಕಂಡಿತು. ಕೆಲವು ಗಿಡಗಳ ಹಣ್ಣು ಕೆಂಪಲ್ಲ, ಗುಲಾಬಿ. ಸಿಪ್ಪೆ ಸುಲಿದು ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಹಣ್ಣಿನ ಸಿಪ್ಪೆ ಹಳದಿ, ಗುಲಾಬಿ ಹಣ್ಣಿನ ಸಿಪ್ಪೆಗೆ ಬಣ್ಣವೇ ಇಲ್ಲ. ಒಳಗಿನ ತಿರುಳು ಎರಡರಲ್ಲೂ ಕೆಂಪೇ. ಕೆಲವು ಗಿಡಗಳಲ್ಲಿ ನೇರಳೆ ಬಣ್ಣ ಹೆಸರಿಗೂ ಬರಲಿಲ್ಲ.

ಇದನ್ನೆಲ್ಲ ಚಿತ್ರಗಳ ಸಮೇತ ಬರೆದಾಗ ನಿಮ್ಮಿಂದ ಬಂದ ಉತ್ತರದಲ್ಲಿ ಮೂರು ಮಾತಿದ್ದವು. ಜೇನುನೊಣಗಳಿಂದ ಅಡ್ಡ ಪರಾಗಸ್ಪರ್ಶ ಆಗಿರಬಹುದು. ಹವಾಮಾನದಿಂದ ವ್ಯತ್ಯಾಸ ಬರಬಹುದು. ಒಳ್ಳೆಯ ಫಲಿತಾಂಶಕ್ಕೆ ಪ್ರತಿ ಹಂಗಾಮಿಗೂ ಹೊಸ ಪೊಟ್ಟಣ ಕೊಳ್ಳಿ. ಈ ಉತ್ತರ ಬರೆದವರು ನನ್ನ ಪತ್ರವನ್ನಾಗಲಿ, ನಿಮ್ಮದೇ ಪೊಟ್ಟಣವನ್ನಾಗಲಿ ಓದಿದ ಹಾಗೆ ಕಾಣುವುದಿಲ್ಲ.

ಜೇನುನೊಣದ ಮಾತು ಮೊದಲು. ನಾನು ಬಿತ್ತಿದ್ದು ನಿಮ್ಮ ಪೊಟ್ಟಣದ ಬೀಜ. ಎಲೆಯಲ್ಲಿ ವ್ಯತ್ಯಾಸ ಕಂಡದ್ದು ಟ್ರೇನಲ್ಲಿ, ನನ್ನ ತೋಟದಲ್ಲಿ ಒಂದು ಹೂವೂ ಅರಳುವ ಮೊದಲು. ಅಡ್ಡ ಪರಾಗಸ್ಪರ್ಶ ಆಗಿದ್ದರೆ ಅದು ನಿಮ್ಮ ಹೊಲದಲ್ಲಿ ಆಗಿರಬೇಕು, ಅಲ್ವಾ? ಅದೂ ಹೊಂದುವುದಿಲ್ಲ. ಟೊಮೆಟೊ ಹೂವಿನಲ್ಲಿ ಪರಾಗಕೋಶಗಳು ಒಟ್ಟಿಗೆ ಕೂಡಿಕೊಂಡು ಕೊಳವೆಯ ಹಾಗಿರುತ್ತವೆ. ಹೂವಿನ ಹೆಣ್ಣು ಭಾಗವಾದ ಶಲಾಕೆ ಅದರೊಳಗೇ ಇರುತ್ತದೆ. ಹಾಗಾಗಿ ಹೆಚ್ಚಿನ ಹೂಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುತ್ತವೆ. ದುಂಬಿ ಬಂದು ಅಲ್ಲೊಂದು ಇಲ್ಲೊಂದು ಬೀಜ ಬೆರಕೆಯಾಗುವುದುಂಟು, ಒಪ್ಪುತ್ತೇನೆ. ಆದರೆ ಟ್ರೇಯಲ್ಲಿ ಇಷ್ಟು ದೊಡ್ಡ ಪಾಲು ಬೆರಕೆಯಾಗುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆಲೂಗಡ್ಡೆ ಎಲೆ ಅಡಗಿ ಕೂರುವ ಗುಣ. ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ಬಂದರೆ ಮಾತ್ರ ಅದು ಗಿಡದಲ್ಲಿ ಕಾಣುತ್ತದೆ. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡು 1866ರಲ್ಲಿ ಪ್ರಕಟಿಸಿದ ನಿಯಮವೇ ಇದು. ನಿಮ್ಮ ತಾಯಿ ಗಿಡ ಸಾಮಾನ್ಯ ಎಲೆಯ ಗುಣದಲ್ಲಿ ನಿಜವಾಗಿ ಸ್ಥಿರವಾಗಿದ್ದರೆ, ಜೇನುನೊಣ ಎಲ್ಲಿಂದ ಯಾವ ಪರಾಗ ತಂದಿದ್ದರೂ ಮಕ್ಕಳೆಲ್ಲ ಸಾಮಾನ್ಯ ಎಲೆಯವೇ ಆಗಬೇಕು. ಆಗಿಲ್ಲ. ಅಂದರೆ ತಾಯಿ ಗಿಡವೇ ಆ ಗುಣವನ್ನು ಒಳಗಿಟ್ಟುಕೊಂಡಿತ್ತು. ಬಣ್ಣವಿಲ್ಲದ ಸಿಪ್ಪೆಯದೂ ಇದೇ ಕಥೆ.

ಬೇರೆ ತಳಿಯ ಬೀಜ ಪೊಟ್ಟಣ ಕಟ್ಟುವಾಗ ಬೆರೆತಿರಬಹುದೇ ಎಂದೂ ಯೋಚಿಸಿದೆ. ಆದರೆ ಆಲೂಗಡ್ಡೆ ಎಲೆಯ ಗಿಡಗಳಲ್ಲೂ ತೊಟ್ಟಿನ ಸುತ್ತ ಅದೇ ನೇರಳೆ ಬಂದಿದೆ. ಅವು ಹೊರಗಿನವಲ್ಲ, ಒಂದೇ ಮನೆಯವು.

ಹವಾಮಾನದ ಮಾತು ನೇರಳೆ ಬಣ್ಣದ ಮಟ್ಟಿಗೆ ಸ್ವಲ್ಪ ಸರಿ. ಅದು ಬಿಸಿಲು ಬಿದ್ದಲ್ಲಿ ಮಾತ್ರ ಏರುವ ಬಣ್ಣ. ಕಾಯಿಯ ಮೇಲಿನ ಹಸಿರು ಪುಷ್ಪಪತ್ರವನ್ನು ಮೆಲ್ಲಗೆ ಎತ್ತಿದರೆ ಅದರ ಅಡಿಯಲ್ಲಿ ಅದೇ ಆಕಾರದ ನಕ್ಷತ್ರ ಉಳಿದಿರುತ್ತದೆ, ನೇರಳೆಯ ಸುಳಿವೂ ಇಲ್ಲದೆ. ಎಲೆ ಅಂಟಿಕೊಂಡ ಕಡೆಯೂ ಹಾಗೆಯೇ. ಆದರೆ ನಾನು ದೂರಿದ್ದು ನೆರಳಿನ ಕಾಯಿಗಳ ಬಗ್ಗೆ ಅಲ್ಲ. ಒಂದೇ ಸಾಲಿನಲ್ಲಿ, ಪೂರಾ ಬಿಸಿಲಿನಲ್ಲಿ, ಪಕ್ಕಪಕ್ಕದ ಗಿಡಗಳಲ್ಲಿ ಒಂದಕ್ಕೆ ಬಣ್ಣ ಬಂದು ಇನ್ನೊಂದಕ್ಕೆ ಬರದೇ ಇದ್ದದ್ದರ ಬಗ್ಗೆ. ಇನ್ನು ಯಾವ ಹವಾಮಾನವೂ ಎಲೆಯ ಅಂಚಿನ ಹಲ್ಲನ್ನು ಅಳಿಸುವುದಿಲ್ಲ.

ಮೂರನೆಯದು, ಹೊಸ ಪೊಟ್ಟಣ ಕೊಳ್ಳಿ ಅನ್ನುವುದು. ಹೊಸ ಪೊಟ್ಟಣದಲ್ಲೇ ಈ ತೊಂದರೆ ಇರುವಾಗ ಇನ್ನೊಂದು ಕೊಂಡು ಏನು ಮಾಡಲಿ? ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿದಾಗ ಬರುವ ಮೊದಲ ತಲೆಮಾರು, ಎಂದು ಬರೆದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಎಫ್1 ಗಿಡಗಳು ಒಂದೇ ಸಮ ಬರುತ್ತವೆ, ಅವುಗಳ ಬೀಜ ಹಾಗೆ ಬರುವುದಿಲ್ಲ, ಇದು ಎಲ್ಲರಿಗೂ ಗೊತ್ತು. ನಿಮ್ಮ ಬೀಜ ಅದೂ ಅಲ್ಲ, ಸ್ಥಿರ ತಳಿಯೂ ಅಲ್ಲ. ನಡುವಿನ ಯಾವುದೋ ತಲೆಮಾರು.

ನನ್ನ ಅನುಮಾನ ನೇರವಾಗಿಯೇ ಹೇಳಿಬಿಡುತ್ತೇನೆ. ಎರಡು ತಳಿಗಳನ್ನು ಕೂಡಿಸಿ, ಬಂದ ಮೊಮ್ಮಕ್ಕಳಲ್ಲಿ ಚೆನ್ನಾಗಿ ಕಂಡ ಗಿಡಗಳನ್ನು ಆರಿಸಿ, ಅವುಗಳ ಬೀಜವನ್ನು ಒಟ್ಟು ಸೇರಿಸಿ ಅವಸರದಲ್ಲಿ ಮಾರಾಟಕ್ಕೆ ಬಿಟ್ಟಿದ್ದೀರಿ. ಸ್ವಂತ ಪರಾಗದಿಂದ ಬೀಜ ಕಟ್ಟುವ ಬೆಳೆಯಲ್ಲಿ ಪ್ರತಿ ತಲೆಮಾರಿಗೂ ಬೆರಕೆ ಅರ್ಧದಷ್ಟು ಕಡಿಮೆಯಾಗುತ್ತದೆ. ತಂದೆ ತಾಯಿಗಳಲ್ಲಿ ಬೇರೆಬೇರೆಯಾಗಿದ್ದ ಗುಣಗಳ ಪೈಕಿ ಎಫ್2ನಲ್ಲಿ, ಅಂದರೆ ಮೊಮ್ಮಕ್ಕಳ ತಲೆಮಾರಿನಲ್ಲಿ, ಸರಾಸರಿ ಅರ್ಧ ಇನ್ನೂ ನೆಲೆ ನಿಂತಿರುವುದಿಲ್ಲ. ಎಫ್5ಕ್ಕೆ ಅದು ಶೇ. 6ರ ಆಸುಪಾಸಿಗೆ ಇಳಿಯುತ್ತದೆ, ಎಫ್8ಕ್ಕೆ ಶೇ. 1ಕ್ಕಿಂತ ಕೆಳಗೆ. ಸಾಮಾನ್ಯವಾಗಿ ಅಷ್ಟು ಕಾಯಬೇಕಾಗುತ್ತದೆ. ಲೆಕ್ಕದ ಪ್ರಕಾರ ಎಫ್2ನಲ್ಲಿ ನಾಲ್ಕಕ್ಕೊಂದು ಸಸಿ ಆಲೂಗಡ್ಡೆ ಎಲೆಯದಾಗುತ್ತದೆ. ಅದರಲ್ಲಿ ಸಾಮಾನ್ಯ ಎಲೆಯವನ್ನು ಮಾತ್ರ ಆರಿಸಿ ಬೀಜ ಒಟ್ಟುಗೂಡಿಸಿದರೆ ಎಫ್3ನಲ್ಲಿ ಸುಮಾರು ಆರಕ್ಕೊಂದು. ನನ್ನ ಟ್ರೇನಲ್ಲಿ ಕಂಡ ಪ್ರಮಾಣ ಈ ಎರಡರ ನಡುವೆ ಬರುತ್ತದೆ. ನಿಖರ ಉತ್ತರ ನಿಮ್ಮ ತಳಿ ಅಭಿವೃದ್ಧಿ ವಿಭಾಗದ ದಾಖಲೆಯಲ್ಲಿ ಇರಬೇಕು.

ಹೊಸ ತಳಿಗಳ ಹಕ್ಕಿಗಾಗಿ 1961ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವೂ ಇದನ್ನೇ ಕೇಳುತ್ತದೆ: ತಳಿ ಬೇರೆಯವುಗಳಿಂದ ಗುರುತಿಸುವಂತಿರಬೇಕು, ಒಂದೇ ಸಮ ಇರಬೇಕು, ತಲೆಮಾರಿನಿಂದ ತಲೆಮಾರಿಗೆ ಹಾಗೇ ಉಳಿಯಬೇಕು. ನೀವು ಹಕ್ಕಿಗೆ ಅರ್ಜಿ ಹಾಕಿದ್ದೀರೋ ಇಲ್ಲವೋ ನನಗೆ ಸಂಬಂಧವಿಲ್ಲ. ಹಾಕಿದ್ದರೆ ಈ ಬೀಜ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತೇ ಅನ್ನುವುದಷ್ಟೇ ಪ್ರಶ್ನೆ.

ಸ್ಥಿರವಾಗದ ಬೀಜ ಮಾರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಪೊಟ್ಟಣದ ಮೇಲೆ ಎಫ್3 ಎಂದು ಬರೆದಿದ್ದರೆ ಖುಷಿಯಿಂದಲೇ ಕೊಳ್ಳುತ್ತಿದ್ದೆ. ಆರಿಸುತ್ತಾ ಹೋಗುವುದರಲ್ಲಿ ಅದರದೇ ಒಂದು ಮಜಾ ಇದೆ. 2005ರ ಸುಮಾರಿಗೆ ಹವ್ಯಾಸಿಗಳು ಶುರು ಮಾಡಿದ ಡ್ವಾರ್ಫ್ ಟೊಮೆಟೊ ಪ್ರಾಜೆಕ್ಟ್‌ನಲ್ಲಿ ಬೇರೆಬೇರೆ ದೇಶಗಳ ಜನ ತಮ್ಮ ಮನೆ ತೋಟದಲ್ಲೇ ತಳಿಗಳನ್ನು ನೆಲೆಗೆ ನಿಲ್ಲಿಸಿದರು. ಅಲ್ಲಿ ಯಾವ ಬೀಜ ಯಾವ ತಲೆಮಾರಿನದು ಎಂದು ಬರೆದೇ ಹಂಚುತ್ತಾರೆ. ಸಂಬಳವಿಲ್ಲದೆ ದುಡಿಯುವವರಿಗೆ ಸಾಧ್ಯವಾದದ್ದು ಒಂದು ಕಂಪನಿಗೆ ಯಾಕೆ ಆಗುವುದಿಲ್ಲ? ಎಫ್ ಅಕ್ಷರ, ಒಂದು ಅಂಕಿ. ಪೊಟ್ಟಣದ ಮೇಲೆ ಅಷ್ಟು ಜಾಗ ಇದ್ದೇ ಇರುತ್ತದೆ.

ತಿಳಿಸದೇ ಇದ್ದರೆ ನಷ್ಟ ಬರೀ ಒಂದು ಹಂಗಾಮಿನದಲ್ಲ. ಬೀಜ ಉಳಿಸುವವರು ಎಷ್ಟೇ ಜಾಗ್ರತೆ ಮಾಡಿದರೂ ಅದು ವ್ಯರ್ಥ. ನಾನು ಹೂಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿದ್ದೆ. ಪೂರ್ತಿ ಹಣ್ಣಾದ ಮೇಲೆ ಬೀಜವನ್ನು ರಸದ ಸಮೇತ ಹುದುಗಲು ಬಿಟ್ಟು, ಮೊಳಕೆ ತಡೆಯುವ ಆ ಲೋಳೆ ಕಳಚಿಕೊಂಡ ಮೇಲೆ ತೊಳೆದು ನೆರಳಿನಲ್ಲಿ ಒಣಗಿಸಿದ್ದೇನೆ. ಆದರೆ ಚೀಲ ಕಟ್ಟಿದರೆ ಹೊರಗಿನ ಪರಾಗ ಬರುವುದಿಲ್ಲ, ಅಷ್ಟೇ. ಒಳಗೇ ಬೆರಕೆ ಇದ್ದರೆ ಚೀಲ ಏನು ಮಾಡೀತು? ಚೆನ್ನಾಗಿ ಒಣಗಿಸಿ ತಂಪಾದ ಕಡೆ ಇಟ್ಟ ಟೊಮೆಟೊ ಬೀಜ ವರ್ಷಗಟ್ಟಲೆ ಮೊಳೆಯುತ್ತದೆ. ಪೊಟ್ಟಣದ ಮಾತು ನಂಬಿದವರು ಅದನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ. ನಿಮ್ಮ ತಳಿಯ ಹೆಸರಿನಲ್ಲಿ ಹತ್ತು ಥರದ ಗಿಡಗಳು ಹರಡುತ್ತವೆ. ಇದು ನಿಮಗೂ ಒಳ್ಳೆಯದಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ನನ್ನ ಪೊಟ್ಟಣದ ಲಾಟ್ ನಂಬರ್ ಚಿತ್ರದಲ್ಲಿದೆ. ಆ ಲಾಟ್ ಯಾವ ತಲೆಮಾರಿನದು, ಒಂದೇ ಗಿಡದ ಬೀಜವೋ ಹಲವು ಗಿಡಗಳದೋ, ಮಾರುವ ಮುನ್ನ ಬೆಳೆಸಿ ನೋಡಿದ್ದಿರೋ ಇಲ್ಲವೋ, ಇವನ್ನು ಬರವಣಿಗೆಯಲ್ಲಿ ತಿಳಿಸಿ. ನಾನು ಕೊಟ್ಟ ಹಣ ವಾಪಸ್ ಮಾಡಿ. ಬದಲಿ ಬೀಜ ಕಳಿಸುವುದಾದರೆ ನಿಜವಾಗಿ ಸ್ಥಿರವಾದದ್ದು ಇದ್ದರೆ ಮಾತ್ರ ಕಳಿಸಿ, ಅದೇ ಲಾಟ್‌ನ ಇನ್ನೊಂದು ಪೊಟ್ಟಣ ಬೇಡ. ಮಾರಾಟಕ್ಕೆ ಉಳಿದಿರುವ ಪೊಟ್ಟಣಗಳಿಂದ ‘ಸ್ಥಿರ ತಳಿ’ ಅನ್ನುವುದನ್ನು ತೆಗೆಯಿರಿ, ಈಗಾಗಲೇ ಕೊಂಡವರಿಗೂ ವಿಷಯ ಮುಟ್ಟಿಸಿ.

ಈ ಸಲ ಉತ್ತರವನ್ನು ದಯವಿಟ್ಟು ತಳಿ ಅಭಿವೃದ್ಧಿ ವಿಭಾಗದವರಿಂದಲೇ ಬರೆಸಿ. ಪ್ರತಿ ಗಿಡದ ಬೀಜವನ್ನೂ ಬೇರೆಬೇರೆ ಲಕೋಟೆಯಲ್ಲಿ, ಎಲೆ ಮತ್ತು ಹಣ್ಣಿನ ವಿವರ ಬರೆದು ಇಟ್ಟಿದ್ದೇನೆ. ನೀವು ಗ್ರೋ-ಔಟ್ ಪರೀಕ್ಷೆ, ಅಂದರೆ ಬೀಜ ಬೆಳೆಸಿ ತಳಿ ಸರಿಯಿದೆಯೇ ಎಂದು ನೋಡುವ ಪರೀಕ್ಷೆ, ಮಾಡುವುದಾದರೆ ಪ್ರತಿಯೊಂದರಿಂದಲೂ ಅರ್ಧ ಕಳಿಸಿಕೊಡುತ್ತೇನೆ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಪೊಟ್ಟಣದ ಎರಡೂ ಬದಿಯ ಚಿತ್ರ, ಖರೀದಿ ರಸೀದಿ, ಸಸಿ ಮತ್ತು ಹಣ್ಣಿನ ಚಿತ್ರಗಳು, ನಿಮ್ಮ ಹಿಂದಿನ ಉತ್ತರದ ಪ್ರತಿ